ಗಾಜಿನ ತಟ್ಟೆಯಲ್ಲಿ ಗೆದ್ದ ಗಿಡ, ಮೈಯೊಳಗೆ ಏನಾಗುತ್ತದೆ?

ಇಟಲಿಯ ಸಿಸಿಲಿ ದ್ವೀಪದಲ್ಲಿ ಅಡುಗೆಯ ವಿಜ್ಞಾನದ ಬಗ್ಗೆ ಒಂದು ಸಭೆ ನಡೆದಿತ್ತು. ಗ್ಯಾರಿ ಬೀಚಮ್ ಎಂಬ ಅಮೆರಿಕದ ವಿಜ್ಞಾನಿಯೂ ಅಲ್ಲಿದ್ದರು. ಅಲ್ಲಿ ಅವರು ತಾಜಾ ಆಲಿವ್ ಎಣ್ಣೆಯ ರುಚಿ ನೋಡಿದರು. ನಾಲಿಗೆಗೆ ಏನೂ ಆಗಲಿಲ್ಲ. ನುಂಗಿದ ಮೇಲೆ ಗಂಟಲಿನ ಹಿಂಭಾಗದಲ್ಲಿ ಮಾತ್ರ ಚುರ್ ಅಂದಿತು. ಬೇರೆ ಯಾರಾದರೂ ಆಗಿದ್ದರೆ ಒಂದು ಲೋಟ ನೀರು ಕುಡಿದು ಮರೆತುಬಿಡುತ್ತಿದ್ದರು. ಬೀಚಮ್ ಮರೆಯಲಿಲ್ಲ, ಯಾಕೆಂದರೆ ಆ ಚುರುಕು ಅವರಿಗೆ ಮೊದಲೇ ಪರಿಚಯವಿತ್ತು.

ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದಲ್ಲಿ ಅವರ ಕೆಲಸವೇ ರುಚಿ ಮತ್ತು ವಾಸನೆಯ ಅಧ್ಯಯನ. ದ್ರವರೂಪದ ಐಬುಪ್ರೊಫೇನ್‌ನ ರುಚಿ ಹೇಗಿರುತ್ತದೆ ಎಂದು ಅಲ್ಲಿ ಪರೀಕ್ಷೆ ಮಾಡಿದ್ದರು. ಐಬುಪ್ರೊಫೇನ್ ಅಂದರೆ ನೋವು, ಊತಕ್ಕೆ ಎಲ್ಲರೂ ನುಂಗುವ ಮಾತ್ರೆಯ ಮದ್ದು. ಅದು ಕುಟುಕಿದ್ದೂ ಗಂಟಲಿನ ಅದೇ ಜಾಗದಲ್ಲಿ. ಇವೆರಡಕ್ಕೂ ಏನೋ ನಂಟಿರಬೇಕು ಅನ್ನಿಸಿತು. ಎಣ್ಣೆಯಿಂದ ಆ ಖಾರದ ವಸ್ತುವನ್ನು ಬೇರ್ಪಡಿಸಿದರು. ಅದೇ ವಸ್ತುವನ್ನು ಲ್ಯಾಬ್‌ನಲ್ಲಿ ಹೊಸದಾಗಿ ತಯಾರಿಸಿ, ಗಂಟಲಿಗೆ ಏನೂ ಮಾಡದ ಮೆಕ್ಕೆಜೋಳದ ಎಣ್ಣೆಗೆ ಬೆರೆಸಿದರು. ಈಗ ಆ ಎಣ್ಣೆಯೂ ಗಂಟಲು ಕುಟುಕಿತು. ಆ ವಸ್ತುವಿಗೆ ಓಲಿಯೊಕ್ಯಾಂಥಾಲ್ ಎಂದು ಹೆಸರಿಟ್ಟರು. ಐಬುಪ್ರೊಫೇನ್ ಯಾವ ಕಿಣ್ವಗಳನ್ನು ತಡೆಯುತ್ತದೋ ಇದೂ ಅವನ್ನೇ ತಡೆಯುತ್ತಿತ್ತು. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಕಥೆ ಚೆನ್ನಾಗಿದೆ, ಅಲ್ವಾ? ಆದರೆ ಅದೇ ಪ್ರಬಂಧದಲ್ಲಿ ಒಂದು ಲೆಕ್ಕವೂ ಇತ್ತು. ದಿನಕ್ಕೆ 50 ಗ್ರಾಂ ಆಲಿವ್ ಎಣ್ಣೆ ಸೇವಿಸಿದರೆ, ಅದರಲ್ಲಿರುವ ಓಲಿಯೊಕ್ಯಾಂಥಾಲ್ ಬಹುಪಾಲು ಮೈಗೆ ಹತ್ತಿತು ಎಂದುಕೊಂಡರೂ, ನೋವಿಗೆ ತೆಗೆದುಕೊಳ್ಳುವ ಐಬುಪ್ರೊಫೇನ್ ಡೋಸ್‌ನ ಸುಮಾರು 10% ಸಿಕ್ಕಂತೆ. 50 ಗ್ರಾಂ ಎಣ್ಣೆ ಅಂದರೆ ಸುಮಾರು 450 ಕ್ಯಾಲರಿ. ಪೂರ್ತಿ ಡೋಸ್ ಬೇಕಾದರೆ ದಿನಕ್ಕೆ ಅರ್ಧ ಕಿಲೋ ಎಣ್ಣೆ ಕುಡಿಯಬೇಕು.

ಗಿಡಗಳ ‘ಉರಿಯೂತ ನಿವಾರಕ’ ಗುಣದ ಇಡೀ ಜಾತಕ ಆ ಒಂದು ಗುಟುಕಿನಲ್ಲೇ ಇದೆ. ಗುಣ ಇರುವುದು ನಿಜ. ಕೆಲಸ ಮಾಡುವ ಬಗೆಯೂ ಗೊತ್ತಿದೆ. ಜಗಳ ಇರುವುದೆಲ್ಲ ಪ್ರಮಾಣದ ಮೇಲೆ. ಎಷ್ಟು ಒಳಗೆ ಹೋಯಿತು, ಎಷ್ಟು ಹೊತ್ತು ಉಳಿಯಿತು, ಅಲ್ಲಿ ಏನನ್ನು ಬದಲಾಯಿಸಿತು? ಮೊಬೈಲ್ ತೆರೆದರೆ ಸಾಕು, ‘ಉರಿಯೂತ ಕಡಿಮೆ ಮಾಡುವ 10 ಗಿಡಗಳು’ ಎಂಬ ಪಟ್ಟಿಗಳು ಸಾಲುಗಟ್ಟಿ ಬರುತ್ತವೆ. ಈ ಮೂರು ಪ್ರಶ್ನೆಗೆ ಉತ್ತರ ಕೊಟ್ಟ ಪಟ್ಟಿಯನ್ನು ನಾನಂತೂ ನೋಡಿಲ್ಲ.

ಉರಿಯೂತ ಶತ್ರು ಅಲ್ಲ

ಮೊದಲು ಉರಿಯೂತ ಅಂದರೇನು ಅಂತ ನೋಡೋಣ. ಕೆಂಪು, ಊತ, ಬಿಸಿ, ನೋವು. ಈ ನಾಲ್ಕು ಗುರುತುಗಳನ್ನು ಮೊದಲನೇ ಶತಮಾನದಲ್ಲೇ ರೋಮನ್ ಲೇಖಕ ಸೆಲ್ಸಸ್ ಬರೆದಿಟ್ಟಿದ್ದ. ಬೆರಳಿಗೆ ಮುಳ್ಳು ಚುಚ್ಚಿದರೆ ಆಗುವುದು ಇದೇ. ಅಲ್ಲಿನ ಜೀವಕೋಶಗಳು ರಾಸಾಯನಿಕ ಸಂಕೇತ ಕಳಿಸುತ್ತವೆ, ರಕ್ತನಾಳ ಹಿಗ್ಗುತ್ತದೆ, ಬಿಳಿ ರಕ್ತಕಣಗಳು ಓಡಿಬರುತ್ತವೆ. ಕೆಲಸ ಮುಗಿದ ಮೇಲೆ ಎಲ್ಲ ತಣ್ಣಗಾಗುತ್ತದೆ. ಇದು ಇಲ್ಲದಿದ್ದರೆ ಸಣ್ಣ ಗಾಯವೂ ಜೀವ ತೆಗೆಯುತ್ತಿತ್ತು.

ತೊಂದರೆ ಬರುವುದು ಅದು ತಣ್ಣಗಾಗದೆ ಉಳಿದಾಗ. ರುಮಟಾಯ್ಡ್ ಸಂಧಿವಾತದಲ್ಲಿ ದೇಹ ತನ್ನದೇ ಕೀಲುಗಳ ಮೇಲೆ ಬೀಳುತ್ತದೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರುವ ಕಡೆಯೂ ಒಳಗೊಳಗೇ ಉರಿಯೂತ ಇರುತ್ತದೆ. ರಕ್ತದಲ್ಲಿ ಸಿಆರ್‌ಪಿ ಎಂಬ ಪ್ರೋಟೀನ್ ಅಳೆದು ಇದರ ಅಂದಾಜು ಮಾಡುತ್ತಾರೆ.

ಹಾಗಾದರೆ ತಗ್ಗಿಸಿಬಿಟ್ಟರೆ ಒಳ್ಳೆಯದೇ ತಾನೇ? 2017ರಲ್ಲಿ ಇದನ್ನೇ ಪರೀಕ್ಷಿಸಿದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹೃದಯಾಘಾತವಾಗಿದ್ದ 10,061 ಜನ ಅದರಲ್ಲಿದ್ದರು. ಕೊಟ್ಟಿದ್ದು ಗಿಡದ ಮದ್ದಲ್ಲ, ಕ್ಯಾನಕಿನುಮ್ಯಾಬ್ ಎಂಬ ಇಂಜೆಕ್ಷನ್. ಅದು ಉರಿಯೂತದ ಒಂದೇ ಒಂದು ಸಂಕೇತವನ್ನು ತಡೆಯುತ್ತದೆ. ಮಧ್ಯಮ ಡೋಸ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾಗಿ ಸುಮಾರು 15% ಕಡಿಮೆಯಾದವು. ಜೊತೆಗೆ ಸೋಂಕಿನಿಂದ ಸತ್ತವರ ಸಂಖ್ಯೆ ಜಾಸ್ತಿಯಾಯಿತು. ಬೆಂಕಿ ಆರಿಸುವವರನ್ನೇ ಮನೆಗೆ ಕಳಿಸಿದರೆ ಹೀಗೇ ಆಗುವುದು. ಆದ್ದರಿಂದ ‘ಉರಿಯೂತ ನಿವಾರಕ’ ಎಂಬ ಪದ ಕಂಡ ಕೂಡಲೇ ಅದನ್ನು ಹೊಗಳಿಕೆ ಎಂದುಕೊಳ್ಳಬೇಕಿಲ್ಲ. ನಿಜವಾಗಿಯೂ ಆ ಕೆಲಸ ಮಾಡುವ ವಸ್ತುವಿಗೆ ಅಡ್ಡ ಪರಿಣಾಮವೂ ಇದ್ದೇ ಇರುತ್ತದೆ. ‘ಅಡ್ಡ ಪರಿಣಾಮವೇ ಇಲ್ಲ’ ಅಂದರೆ ಪರಿಣಾಮವೂ ಇಲ್ಲ ಎಂದೇ ನಾನು ಓದಿಕೊಳ್ಳುವುದು.

ಗೆದ್ದ ಎರಡು ಗಿಡಗಳು

ಗಿಡಗಳು ಈ ರಾಸಾಯನಿಕಗಳನ್ನು ನಮಗಾಗಿ ಮಾಡುವುದಿಲ್ಲ. ಹುಳ ಬಂದರೆ ಗಿಡ ಎದ್ದು ಓಡುವಂತಿಲ್ಲ. ಕಹಿ, ಒಗರು, ಖಾರ ಇವೆಲ್ಲ ಅದರ ಆಯುಧಗಳು. ನಮ್ಮ ಮೈಯಲ್ಲಿ ಅವು ಕೆಲಸ ಮಾಡಿದರೆ ಅದು ಆಕಸ್ಮಿಕ. ಹಾಗೆ ಗಟ್ಟಿಯಾಗಿ ಕೆಲಸ ಮಾಡಿದ ಎರಡು ಉದಾಹರಣೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂದು, ವಿಲೋ ಮರದ ತೊಗಟೆ. ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿ ಒಮ್ಮೆ ಈ ತೊಗಟೆಯನ್ನು ಬಾಯಿಗೆ ಹಾಕಿಕೊಂಡ. ವಿಪರೀತ ಕಹಿ. ಚಳಿಜ್ವರಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯೂ ಹೀಗೇ ಕಹಿ ಎಂದು ನೆನಪಾಯಿತು. ಬ್ರೆಡ್ ಸುಡುವ ಒಲೆಯ ಪಕ್ಕ ಮೂರು ತಿಂಗಳಿಗೂ ಹೆಚ್ಚು ಕಾಲ ತೊಗಟೆ ಒಣಗಿಸಿ, ಪುಡಿ ಮಾಡಿ, ಸುಮಾರು 50 ಜನ ಜ್ವರದವರಿಗೆ ಕೊಟ್ಟ. ಫಲಿತಾಂಶವನ್ನು 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಕಹಿ ಒಂದೇ ಇದ್ದ ಮಾತ್ರಕ್ಕೆ ಗುಣವೂ ಒಂದೇ ಅನ್ನುವುದು ತಪ್ಪು ತರ್ಕ, ಆದರೂ ಅದೃಷ್ಟ ಕೈಹಿಡಿಯಿತು. 1828ರಲ್ಲಿ ಮ್ಯೂನಿಕ್‌ನ ಯೋಹಾನ್ ಬುಕ್ನರ್ ತೊಗಟೆಯಿಂದ ಸ್ಯಾಲಿಸಿನ್ ಬೇರ್ಪಡಿಸಿದರು. ಮುಂದೆ ಅದರಿಂದ ಸ್ಯಾಲಿಸಿಲಿಕ್ ಆಮ್ಲ ಬಂತು. ಕೀಲುನೋವಿಗೆ ಅದು ಕೆಲಸ ಮಾಡುತ್ತಿತ್ತು, ಆದರೆ ಹೊಟ್ಟೆಯನ್ನು ಸುಡುತ್ತಿತ್ತು. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಆ ಅಣುವನ್ನು ಸ್ವಲ್ಪ ಮಾರ್ಪಡಿಸಿದರು. ಎರಡು ವರ್ಷದ ಮೇಲೆ ಅದು ಆಸ್ಪಿರಿನ್ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಾಗಿದ್ದು 1971ರಲ್ಲಿ. ನೋವು, ಊತ ತರುವ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ಆಸ್ಪಿರಿನ್ ನಿಲ್ಲಿಸುತ್ತದೆ ಎಂದು ಜಾನ್ ವೇನ್ ತೋರಿಸಿದರು. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು. ಹೊಟ್ಟೆಯ ಒಳಪದರವನ್ನು ಕಾಯುವುದೂ ಇದೇ ಪ್ರೋಸ್ಟಾಗ್ಲಾಂಡಿನ್‌ಗಳೇ. ಹಾಗಾಗಿ ಉಪಯೋಗ ಮತ್ತು ಹೊಟ್ಟೆಯ ಹುಣ್ಣು ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ. ಒಂದು ಬೇಕು, ಇನ್ನೊಂದು ಬೇಡ ಅಂದರೆ ನಡೆಯುವುದಿಲ್ಲ. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಸ್ಯಾಲಿಸಿಲಿಕ್ ಆಮ್ಲ ಗಿಡದ ಒಳಗೂ ಅಪಾಯದ ಗಂಟೆಯೇ. ಒಂದು ಎಲೆಗೆ ವೈರಸ್ ತಗುಲಿದರೆ, ಉಳಿದ ಎಲೆಗಳೂ ಸೋಂಕು ಎದುರಿಸಲು ಸಿದ್ಧವಾಗುವುದರಲ್ಲಿ ಇದರ ಪಾತ್ರ ದೊಡ್ಡದು. ಅಂದರೆ ಗಿಡದಲ್ಲಿ ರಕ್ಷಣೆಯನ್ನು ಎಬ್ಬಿಸುವ ವಸ್ತು ನಮ್ಮಲ್ಲಿ ರಕ್ಷಣೆಯನ್ನು ಮಲಗಿಸುತ್ತದೆ.

ಎರಡನೆಯದು ಕಾಲ್ಚಿಸಿನ್. ಶರತ್ಕಾಲದಲ್ಲಿ ನೇರಳೆ ಹೂ ಬಿಡುವ ಕಾಲ್ಚಿಕಂ ಎಂಬ ಗಡ್ಡೆ ಗಿಡದಲ್ಲಿ ಇದು ಸಿಗುತ್ತದೆ. ಅಗ್ನಿಶಿಖೆಯ ಗಡ್ಡೆ, ಬೀಜಗಳಲ್ಲೂ ಇದೆ. ಗೌಟ್ ಎಂಬ ಕೀಲುಬೇನೆಗೆ ಕಾಲ್ಚಿಕಂ ಕೊಡುವುದು ಆರನೇ ಶತಮಾನದಲ್ಲೇ ಗೊತ್ತಿತ್ತು. 1820ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕವೆಂಟು ಅದರ ಸಾರ ಬೇರ್ಪಡಿಸಿದರು. ಗೌಟ್‌ನಲ್ಲಿ ಯೂರಿಕ್ ಆಮ್ಲ ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂರುತ್ತದೆ. ಬಿಳಿ ರಕ್ತಕಣಗಳು ಅದರ ಮೇಲೆ ಮುಗಿಬೀಳುತ್ತವೆ. ಆ ಕಣಗಳು ಆಕಾರ ಬದಲಿಸಿ ಮುಂದೆ ಸರಿಯಬೇಕಾದರೆ ಒಳಗೆ ಸಣ್ಣ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತಿರಬೇಕು. ಕಾಲ್ಚಿಸಿನ್ ಆ ಕೊಳವೆಯ ಇಟ್ಟಿಗೆಗೇ ಅಂಟಿಕೊಳ್ಳುತ್ತದೆ. ಕೊಳವೆ ಏಳುವುದಿಲ್ಲ, ಕಣ ಮುಂದೆ ಹೋಗುವುದಿಲ್ಲ.

ಡೋಸ್ ಸ್ವಲ್ಪ ತಪ್ಪಿದರೆ ಇದೇ ಮದ್ದು ವಿಷ. ಕರುಳಿನ ಪದರ, ಮೂಳೆಮಜ್ಜೆಯಲ್ಲಿ ಕೋಶಗಳು ವಿಭಜನೆಯಾಗುವುದಕ್ಕೂ ಆ ಕೊಳವೆಗಳೇ ಬೇಕು. ಕೆಲವು ಆ್ಯಂಟಿಬಯೋಟಿಕ್‌ಗಳ ಜೊತೆ ತೆಗೆದುಕೊಂಡರೆ ದೇಹದಿಂದ ಹೊರಗೆ ಹೋಗದೆ ಜಮೆಯಾಗಿ ಪ್ರಾಣಕ್ಕೆ ಬಂದದ್ದೂ ಇದೆ. ಗಿಡದ್ದು ಅಂದರೆ ಸೌಮ್ಯ ಎಂದು ಹೇಳುವವರು ಈ ಹೂವನ್ನು ಒಮ್ಮೆ ನೋಡಬೇಕು.

ಹಳದಿ ಅಣುವಿನ ಪಜೀತಿ

ಈಗ ಎಲ್ಲರೂ ಕೇಳುವ ವಸ್ತುವಿಗೆ ಬರೋಣ. ಅರಿಶಿನದಲ್ಲಿರುವ ಕರ್ಕ್ಯುಮಿನ್. ಗಿಡಮೂಲದ ಉರಿಯೂತ ನಿವಾರಕ ಅಂದರೆ ಮೊದಲು ಬರುವ ಹೆಸರು ಇದೇ. ಸಾವಿರಾರು ಪ್ರಬಂಧಗಳಿವೆ. ಇಷ್ಟೊಂದು ಪ್ರಬಂಧ ಬರಲು ಕಾರಣವಾದ ಲ್ಯಾಬ್ ಪರೀಕ್ಷೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿದರೆ ಅರ್ಧ ಗುಟ್ಟು ಬಿಡಿಸಿಕೊಳ್ಳುತ್ತದೆ.

ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಳಿಗಳಲ್ಲಿ ಇಲಿಯ ರೋಗನಿರೋಧಕ ಕೋಶಗಳನ್ನು ಬೆಳೆಸುತ್ತಾರೆ. ಅದಕ್ಕೆ ಬ್ಯಾಕ್ಟೀರಿಯಾದ ಹೊರಪದರದ ಒಂದು ಚೂರು ಹಾಕುತ್ತಾರೆ. ಶತ್ರು ಬಂದ ಎಂದು ಕೋಶಗಳು ರೇಗಿ ಉರಿಯೂತದ ಸಂಕೇತಗಳನ್ನು ಉಗುಳುತ್ತವೆ. ಈಗ ಗಿಡದ ಸಾರ ಹಾಕಿ. ಸಂಕೇತ ಇಳಿಯಿತೇ? ಇಳಿದರೆ ‘ಉರಿಯೂತ ನಿವಾರಕ’ ಎಂದು ಪ್ರಬಂಧ ಸಿದ್ಧ. ಪರೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ. ಗಿಡದ ನೂರಾರು ವಸ್ತುಗಳು ಇದರಲ್ಲಿ ಪಾಸಾಗುತ್ತವೆ. ತೊಂದರೆ ಏನೆಂದರೆ, ಕೋಶ ಸಾಯುತ್ತಿದ್ದರೂ ಸಂಕೇತ ಇಳಿಯುತ್ತದೆ. ಒಳ್ಳೆಯ ಲ್ಯಾಬ್‌ಗಳು ಕೋಶ ಬದುಕಿದೆಯಾ ಎಂದು ಬೇರೆಯಾಗಿ ನೋಡುತ್ತವೆ. ಎಲ್ಲರೂ ಅಷ್ಟು ತಾಳ್ಮೆಯಿಂದ ನೋಡುವುದಿಲ್ಲ.

ಕರ್ಕ್ಯುಮಿನ್ ವಿಷಯದಲ್ಲಿ ಇನ್ನೂ ಒಂದು ಪಜೀತಿ. ಅದು ಗಾಢ ಹಳದಿ, ಬೆಳಕು ಬಿದ್ದರೆ ಹೊಳೆಯುತ್ತದೆ. ಲ್ಯಾಬ್‌ನ ಎಷ್ಟೋ ಪರೀಕ್ಷೆಗಳು ಬಣ್ಣ ಅಥವಾ ಹೊಳಪು ಅಳೆದೇ ಉತ್ತರ ಹೇಳುತ್ತವೆ. ಪರೀಕ್ಷೆಗೆ ಬಂದ ವಸ್ತುವೇ ಹೊಳೆಯುತ್ತಿದ್ದರೆ ಯಂತ್ರ ಯಾವುದನ್ನು ಅಳೆಯಬೇಕು? ಮೇಲಾಗಿ ಅದು ಎದುರಿಗೆ ಸಿಕ್ಕ ಪ್ರೋಟೀನ್, ಲೋಹಗಳಿಗೆಲ್ಲ ಅಂಟಿಕೊಳ್ಳುತ್ತದೆ. ಎಲ್ಲ ಬೀಗಕ್ಕೂ ಹೊಂದುವ ಕೀಲಿಯಂತೆ ಕಾಣುತ್ತದೆ, ಅಸಲಿಗೆ ಯಾವ ಬೀಗವನ್ನೂ ಸರಿಯಾಗಿ ತೆಗೆಯುವುದಿಲ್ಲ. ದೇಹದಷ್ಟೇ ಬಿಸಿ, ದೇಹದಷ್ಟೇ ಆಮ್ಲೀಯತೆ ಇರುವ ಸಾದಾ ದ್ರಾವಣದಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ಸುಮಾರು 90% ಒಡೆದುಹೋಗುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರದ ತಜ್ಞರ ಒಂದು ತಂಡ 120ಕ್ಕೂ ಹೆಚ್ಚು ಮಾನವ ಪ್ರಯೋಗಗಳ ಹಿನ್ನೆಲೆಯಲ್ಲಿ ಇದನ್ನೆಲ್ಲ ಒರೆಗೆ ಹಚ್ಚಿ, ಈ ಅಣು ಔಷಧವಾಗುವ ಸಾಧ್ಯತೆ ತೀರಾ ಕಡಿಮೆ ಎಂದು ಬರೆಯಿತು. ಸಂಶೋಧನೆಯ ಮರ್ಯಾದೆಗೂ ಪೆಟ್ಟು ಬಿದ್ದಿದೆ. ಕರ್ಕ್ಯುಮಿನ್‌ಗೆ ಹೆಸರು ತಂದುಕೊಟ್ಟ ಅಮೆರಿಕದ ಒಬ್ಬ ಪ್ರಮುಖ ಸಂಶೋಧಕರ ಹಲವಾರು ಪ್ರಬಂಧಗಳನ್ನು ಪತ್ರಿಕೆಗಳು ವಾಪಸ್ ಪಡೆದಿವೆ.

ಮೈಯೊಳಗಿನ ದಾರಿ ಇನ್ನೂ ಕಷ್ಟ. ಕರುಳು, ಲಿವರ್ ಎರಡೂ ಇದನ್ನು ಹೊರಗಿನ ವಸ್ತು ಎಂದು ಗುರುತಿಸಿ, ಸಕ್ಕರೆಯಂಥ ಒಂದು ತುಣುಕು ಅಂಟಿಸಿ ಹೊರಗೆ ಸಾಗಿಸುತ್ತವೆ. 2006ರ ಒಂದು ಅಧ್ಯಯನದಲ್ಲಿ 24 ಆರೋಗ್ಯವಂತರಿಗೆ ಅರ್ಧ ಗ್ರಾಂನಿಂದ 12 ಗ್ರಾಂವರೆಗೆ ಕರ್ಕ್ಯುಮಿನ್ ಕೊಟ್ಟರು. 8 ಗ್ರಾಂವರೆಗೆ ತೆಗೆದುಕೊಂಡವರ ರಕ್ತದಲ್ಲಿ ಅದು ಕಾಣಲೇ ಇಲ್ಲ. 10, 12 ಗ್ರಾಂ ನುಂಗಿದವರ ಪೈಕಿ ಇಬ್ಬರಲ್ಲಿ ಒಂದಿಷ್ಟು ಕಂಡಿತು, ಅಷ್ಟೇ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%. ಅಂದರೆ 8 ಗ್ರಾಂ ಕರ್ಕ್ಯುಮಿನ್‌ಗೆ ಕಾಲು ಕಿಲೋಗಿಂತ ಜಾಸ್ತಿ ಅರಿಶಿನ ಬೇಕು. ಚಿಟಿಕೆಯ ಮಾತು ಬಿಡಿ.

ಇದಕ್ಕೊಂದು ಉಪಾಯ ಇದೆ ಎಂದು ಕ್ಯಾಪ್ಸೂಲ್ ಮಾರುವವರು ಹೇಳುತ್ತಾರೆ. ಕರಿಮೆಣಸಿನ ಪೈಪರಿನ್ ಸೇರಿಸಿದರೆ ಹೀರಿಕೆ 2000% ಏರುತ್ತದಂತೆ. ಈ ಸಂಖ್ಯೆ ಸುಳ್ಳಲ್ಲ, 1998ರ ಒಂದು ಅಧ್ಯಯನದ್ದು. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಿದ್ದರು. ಆದರೆ ಮೊದಲಿದ್ದ ಮಟ್ಟ ಹೆಚ್ಚುಕಡಿಮೆ ಸೊನ್ನೆ. ಸೊನ್ನೆಯ ಹತ್ತಿರದ ಅಂಕಿಯನ್ನು 20 ಪಟ್ಟು ಮಾಡಿದರೂ ದೊಡ್ಡ ಮೊತ್ತವಾಗುವುದಿಲ್ಲ. ಏರಿದ್ದೂ ಒಂದು ಗಂಟೆಯೊಳಗೆ ಇಳಿಯಿತು. ಪೈಪರಿನ್ ಈ ಕೆಲಸ ಮಾಡುವುದು ಲಿವರ್ ಮತ್ತು ಕರುಳಿನ ಶುಚಿ ಮಾಡುವ ವ್ಯವಸ್ಥೆಯನ್ನೇ ನಿಧಾನ ಮಾಡಿ. ಆಗ ಕರ್ಕ್ಯುಮಿನ್ ಒಂದೇ ಅಲ್ಲ, ನೀವು ನುಂಗುವ ಬೇರೆ ಮಾತ್ರೆಗಳೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ಲೇಬಲ್ ಮೇಲೆ ಈ ಭಾಗ ಬರೆದಿರುವುದಿಲ್ಲ.

ಲಿವರ್ ಇದನ್ನು ಯಾವಾಗಲೂ ಸಹಿಸಿಕೊಳ್ಳುವುದಿಲ್ಲ ಅನ್ನುವುದಕ್ಕೆ ಈಗ ಪುರಾವೆ ಸೇರುತ್ತಿದೆ. ಔಷಧಗಳಿಂದ ಲಿವರ್‌ಗೆ ಆಗುವ ಹಾನಿಯನ್ನು ಅಮೆರಿಕದಲ್ಲಿ ಒಂದು ಸಂಶೋಧನಾ ಜಾಲ ದಾಖಲಿಸುತ್ತಾ ಬಂದಿದೆ. ಅರಿಶಿನದ ಸಪ್ಲಿಮೆಂಟ್‌ನಿಂದ ಆದ 10 ಪ್ರಕರಣಗಳನ್ನು ಅದು 2023ರ ಹೊತ್ತಿಗೆ ವರದಿ ಮಾಡಿತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. 10 ಜನರಲ್ಲಿ 7 ಜನಕ್ಕೆ ಒಂದೇ ಬಗೆಯ ರೋಗನಿರೋಧಕ ಜೀನ್ ಇತ್ತು. ಅಂದರೆ ಇದು ಎಲ್ಲರಿಗೂ ಆಗುವಂಥದ್ದಲ್ಲ, ಆದರೆ ಯಾರಿಗೆ ಆಗುತ್ತದೆ ಎಂದು ನುಂಗುವ ಮೊದಲು ಹೊರಗಿನಿಂದ ಹೇಳಲಾಗದು. ಗ್ರೀನ್ ಟೀ ಸಾರದ ಮಾತ್ರೆಗಳಿಗೂ ಇಂಥದ್ದೇ ಇತಿಹಾಸವಿದೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ ಎಂಬ ಅದರ ಅಂಶವನ್ನು ಮಾತ್ರೆಯಾಗಿ ತೆಗೆದುಕೊಂಡರೆ ಲಿವರ್‌ಗೆ ಪೆಟ್ಟಾದ ಸೂಚನೆ ಕಾಣುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಲೋಟದಲ್ಲಿ ಕುಡಿಯುವ ಚಹಾದ ಬಗ್ಗೆ ಅದರ ತಕರಾರು ಇರಲಿಲ್ಲ. ಒಂದೇ ಎಲೆ, ಒಂದೇ ಅಣು. ವ್ಯತ್ಯಾಸ ಇದ್ದದ್ದು ಡೋಸ್‌ನಲ್ಲಿ.

ನೋವು ಇಳಿಯಿತು, ಊತ ಇಳಿಯಲಿಲ್ಲ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ನ್ಯಾಯವಾಗಿ ಹೇಳಬೇಕು. ಕರ್ಕ್ಯುಮಿನ್ ತೆಗೆದುಕೊಂಡು ಮಂಡಿನೋವು ಕಡಿಮೆಯಾಯಿತು ಅನ್ನುವವರೆಲ್ಲ ಭ್ರಮೆಯಲ್ಲಿದ್ದಾರೆ ಅಂತಲ್ಲ. 2014ರಲ್ಲಿ ಥಾಯ್ಲೆಂಡ್‌ನಲ್ಲಿ ಮಂಡಿ ಸವೆತದ 367 ಜನರ ಮೇಲೆ ಪ್ರಯೋಗ ನಡೆಯಿತು. ನಾಲ್ಕು ವಾರ, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ, ಇನ್ನೊಂದಕ್ಕೆ 1200 ಮಿಲಿಗ್ರಾಂ ಐಬುಪ್ರೊಫೇನ್. ನೋವು ಎರಡರಲ್ಲೂ ಸುಮಾರು ಒಂದೇ ಥರ ಇಳಿಯಿತು. ಹೊಟ್ಟೆಯ ತೊಂದರೆ ಸಾರ ತೆಗೆದುಕೊಂಡವರಲ್ಲಿ ಕಡಿಮೆ. ಕೊರತೆ ಒಂದೇ. ಸುಮ್ನೆ ಪುಡಿ ತುಂಬಿದ ಮಾತ್ರೆ, ಅಂದರೆ ಪ್ಲಾಸಿಬೊ ಕೊಟ್ಟ ಮೂರನೇ ಗುಂಪು ಇರಲಿಲ್ಲ. ಮಂಡಿನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಜನ ಡಾಕ್ಟರ ಹತ್ತಿರ ಹೋಗುವುದು ಅದು ಜೋರಾಗಿ ಇದ್ದಾಗಲೇ.

ಆ ಕೊರತೆ ನೀಗಿಸಿದ ಒಂದು ಚಿಕ್ಕ ಪ್ರಯೋಗ 2020ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ಅಲ್ಲಿನ ಸಂಶೋಧಕರು ಜಾಣತನದ ಕೆಲಸ ಮಾಡಿದರು. ನೋವಿದ್ದವರನ್ನೆಲ್ಲ ಸೇರಿಸಲಿಲ್ಲ, ಮಂಡಿಯಲ್ಲಿ ನೀರು ತುಂಬಿ ಉರಿಯೂತ ಇರುವುದು ಸ್ಕ್ಯಾನ್‌ನಲ್ಲಿ ಕಂಡ 70 ಜನರನ್ನು ಮಾತ್ರ ಆರಿಸಿದರು. ಅಂದರೆ ಉರಿಯೂತ ನಿವಾರಕಕ್ಕೆ ಕೆಲಸ ಮಾಡಲು ಬೇಕಾದಷ್ಟು ಉರಿಯೂತ ಅಲ್ಲಿತ್ತು. ಅರ್ಧ ಜನಕ್ಕೆ ಅರಿಶಿನದ ಸಾರ, ಉಳಿದವರಿಗೆ ಪ್ಲಾಸಿಬೊ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ. 12 ವಾರಗಳ ಮೇಲೆ ನೋವನ್ನು 100ರ ಅಳತೆಯಲ್ಲಿ ಕೇಳಿದಾಗ, ಸಾರ ತೆಗೆದುಕೊಂಡವರಲ್ಲಿ ಪ್ಲಾಸಿಬೊಗಿಂತ ಸುಮಾರು 9 ಅಂಕ ಜಾಸ್ತಿ ಇಳಿದಿತ್ತು. ಆಮೇಲೆ ಎಂಆರ್‌ಐ ಮಾಡಿದರು. ಮಂಡಿಯೊಳಗಿನ ಉರಿಯೂತದ ನೀರಿನಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಅತಿ ಕುತೂಹಲದ ಫಲಿತಾಂಶ ಇದು. ಉರಿಯೂತ ನಿವಾರಕ ಎಂದು ಕೊಟ್ಟ ಮದ್ದು ನೋವನ್ನು ಸ್ವಲ್ಪ ತಗ್ಗಿಸಿತು, ಉರಿಯೂತವನ್ನು ತಗ್ಗಿಸಿದ್ದು ಕಾಣಲಿಲ್ಲ. ಹಾಗಾದರೆ ಅದು ಕೆಲಸ ಮಾಡಿತಾ? ನೋವಿರುವವರಿಗೆ, ಹೌದು. ಲೇಬಲ್ ಮೇಲಿರುವ ಮಾತಿಗೆ, ಇಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಕಾಲ್ಚಿಸಿನ್‌ನ ಇತ್ತೀಚಿನ ಕಥೆ. ಹೃದಯಾಘಾತದಲ್ಲೂ ಉರಿಯೂತದ ಪಾತ್ರ ಇದೆ ಎಂದ ಮೇಲೆ, ಈ ಹಳೆಯ ಅಗ್ಗದ ಮದ್ದು ಅಲ್ಲೂ ಉಪಯೋಗವಾದೀತೇ ಎಂದು ನೋಡಿದರು. 2019ರಲ್ಲಿ 4,745 ಜನರ ಪ್ರಯೋಗದಲ್ಲಿ ದಿನಕ್ಕೆ ಅರ್ಧ ಮಿಲಿಗ್ರಾಂ ಕೊಟ್ಟಾಗ ಹೃದಯದ ದೊಡ್ಡ ತೊಂದರೆಗಳು 7.1%ರಿಂದ 5.5%ಕ್ಕೆ ಇಳಿದವು. 2020ರಲ್ಲಿ 5,522 ಜನರ ಇನ್ನೊಂದು ಪ್ರಯೋಗದಲ್ಲಿ 9.6%ರಿಂದ 6.8%ಕ್ಕೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಗಿಡದ ವಸ್ತುವೊಂದು ಹೃದಯದ ಉರಿಯೂತದ ಮದ್ದಾಗಿ ಮಾನ್ಯವಾಯಿತು, ಎಲ್ಲರೂ ಖುಷಿಪಟ್ಟರು. 2024ರ ಕೊನೆಯಲ್ಲಿ ಹೃದಯಾಘಾತವಾದ 7,062 ಜನರ ಪ್ರಯೋಗದ ಫಲಿತಾಂಶ ಬಂತು. ಕಾಲ್ಚಿಸಿನ್ ಗುಂಪಿನಲ್ಲಿ 9.1%, ಪ್ಲಾಸಿಬೊದಲ್ಲಿ 9.3%. ವ್ಯತ್ಯಾಸವೇ ಇಲ್ಲ ಅನ್ನಬೇಕು. ಆದರೆ ಸಿಆರ್‌ಪಿ ಮಾತ್ರ ಚೆನ್ನಾಗಿಯೇ ಇಳಿದಿತ್ತು. ಅಂದರೆ ರಕ್ತ ಪರೀಕ್ಷೆಯ ಚೀಟಿ ಸುಧಾರಿಸಿತು, ರೋಗಿಗೆ ಲಾಭ ಆಗಲಿಲ್ಲ. ಹಿಂದಿನ ಎರಡು ಪ್ರಯೋಗಗಳು ಒಂದು ಹೇಳುತ್ತವೆ, ದೊಡ್ಡದು ಇನ್ನೊಂದು ಹೇಳುತ್ತದೆ. ಹೃದಯ ತಜ್ಞರು ಇನ್ನೂ ವಾದ ಮಾಡುತ್ತಿದ್ದಾರೆ. ಡೋಸ್ ಖಚಿತವಾಗಿ ಗೊತ್ತಿರುವ, ಮೈಗೆ ಹತ್ತುವುದು ಖಚಿತವಾಗಿರುವ ಮದ್ದಿನ ಗತಿಯೇ ಹೀಗಿದ್ದರೆ, ರಕ್ತದಲ್ಲಿ ಕಾಣಿಸದ ಅಣುವಿನ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಗೆ ಮಾತಾಡುವುದು?

ಹಾಗಾಗಿ ‘ಸಿಆರ್‌ಪಿ ಇಳಿಯಿತು’ ಎಂಬ ಜಾಹೀರಾತು ನೋಡಿದರೆ ನನಗೆ ಈಗ ಅಷ್ಟೇನೂ ಅನ್ನಿಸುವುದಿಲ್ಲ. ಕೆಲವೊಮ್ಮೆ ಲೆಕ್ಕ ಪೂರ್ತಿ ಉಲ್ಟಾ ಆಗುವುದೂ ಇದೆ. ದೊಡ್ಡ ರಕ್ತನಾಳದ ಆಪರೇಷನ್ ವೇಳೆ ಮೈಯಲ್ಲಿ ಏಳುವ ಉರಿಯೂತವನ್ನು ಕರ್ಕ್ಯುಮಿನ್ ತಡೆಯಬಹುದು ಎಂದು ಕೆನಡಾದಲ್ಲಿ 606 ರೋಗಿಗಳ ಮೇಲೆ ಪರೀಕ್ಷಿಸಿದರು. 2018ರಲ್ಲಿ ಫಲಿತಾಂಶ ಬಂತು. ಉಪಯೋಗ ಆಗಲಿಲ್ಲ. ಬದಲಿಗೆ ಕಿಡ್ನಿಗೆ ಪೆಟ್ಟಾದವರು ಕರ್ಕ್ಯುಮಿನ್ ಗುಂಪಿನಲ್ಲೇ ಜಾಸ್ತಿ, 17%. ಪ್ಲಾಸಿಬೊದಲ್ಲಿ 10%.

ಕೆಂಪು ವೈನ್‌ನಲ್ಲಿರುವ ರೆಸ್ವೆರಟ್ರಾಲ್ ಎಂಬ ವಸ್ತುವಿನ ಬಗ್ಗೆ ಉದ್ದ ಹೇಳುವ ಅಗತ್ಯ ಕಾಣುವುದಿಲ್ಲ. ಇಲಿಗಳಲ್ಲಿ ಪವಾಡ ಮಾಡಿತು. ಒಂದು ಲೀಟರ್ ವೈನ್‌ನಲ್ಲಿ ಇರುವುದು ಕೆಲವೇ ಮಿಲಿಗ್ರಾಂ. 2014ರಲ್ಲಿ ಇಟಲಿಯ ಕಿಯಾಂಟಿ ಪ್ರದೇಶದ 783 ವೃದ್ಧರ ಮೂತ್ರದಲ್ಲಿ ಅದರ ಅಂಶ ಅಳೆದು ನೋಡಿದಾಗ, ಹೆಚ್ಚು ಇದ್ದವರಲ್ಲೂ ಕಡಿಮೆ ಇದ್ದವರಲ್ಲೂ ಉರಿಯೂತ, ಹೃದ್ರೋಗ, ಸಾವು ಯಾವುದರಲ್ಲೂ ಫರಕಿರಲಿಲ್ಲ.

ಹಾಗಾದರೆ ಸೊಪ್ಪು ತರಕಾರಿಯ ಮಾತು?

ಗಿಡದ ಆಹಾರ ಜಾಸ್ತಿ ತಿನ್ನುವವರಲ್ಲಿ ಹೃದ್ರೋಗ, ಮಧುಮೇಹ ಕಡಿಮೆ ಎಂಬುದು ಮತ್ತೆ ಮತ್ತೆ ಕಂಡಿದೆ. ಸ್ಪೇನ್‌ನಲ್ಲಿ 7,447 ಜನರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಆಲಿವ್ ಎಣ್ಣೆ ಅಥವಾ ಬಾದಾಮಿಯಂಥ ಬೀಜಗಳು ಜಾಸ್ತಿ ಇದ್ದ ಊಟದಿಂದ ಹೃದಯದ ತೊಂದರೆಗಳು ಸುಮಾರು 30% ಕಡಿಮೆಯಾದವು. 2013ರ ಮೂಲ ಪ್ರಬಂಧದಲ್ಲಿ ಗುಂಪು ಮಾಡಿದ ವಿಧಾನದಲ್ಲಿ ದೋಷ ಸಿಕ್ಕಿ, ಅದನ್ನು ವಾಪಸ್ ಪಡೆದು 2018ರಲ್ಲಿ ಮತ್ತೆ ಲೆಕ್ಕ ಹಾಕಿ ಪ್ರಕಟಿಸಿದರು. ಸಂಖ್ಯೆ ಹೆಚ್ಚು ಬದಲಾಗಲಿಲ್ಲ. ಆದರೆ ಅದನ್ನು ಒಂದು ಅಣುವಿನ ಖಾತೆಗೆ ಜಮೆ ಮಾಡುವಂತಿಲ್ಲ. ಎಣ್ಣೆಯ ಬಗೆ, ನಾರು, ತಟ್ಟೆಯಿಂದ ಹೊರಗೆ ಹೋದ ಸಕ್ಕರೆ ಮತ್ತು ಕರಿದ ತಿಂಡಿ, ಎಲ್ಲ ಸೇರಿ ಆದದ್ದು ಅದು. ಕರ್ಕ್ಯುಮಿನ್, ರೆಸ್ವೆರಟ್ರಾಲ್‌ನಂಥ ಗಿಡದ ವಸ್ತುಗಳಿಗೆ ಪಾಲಿಫೀನಾಲ್ ಎನ್ನುತ್ತಾರೆ. ನಾವು ತಿನ್ನುವ ಪಾಲಿಫೀನಾಲ್‌ಗಳಲ್ಲಿ ಬಹುಪಾಲು ರಕ್ತ ಸೇರದೆ ದೊಡ್ಡ ಕರುಳಿಗೆ ಹೋಗುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಒಡೆದು ಬೇರೆ ಸಣ್ಣ ಅಣುಗಳನ್ನು ಮಾಡುತ್ತವೆ. ನಿಜವಾದ ಕೆಲಸ ಅಲ್ಲೇ ನಡೆಯುತ್ತಿರಬಹುದು ಎಂದು ಈಗ ತುಂಬಾ ಜನ ಹುಡುಕುತ್ತಿದ್ದಾರೆ. ಗಾಜಿನ ತಟ್ಟೆಯ ಪರೀಕ್ಷೆಯಲ್ಲಿ ಕರುಳೂ ಇರಲಿಲ್ಲ, ಬ್ಯಾಕ್ಟೀರಿಯಾವೂ ಇರಲಿಲ್ಲ.

ಊಟದಲ್ಲಿ ಶುಂಠಿ, ಅರಿಶಿನ ಇದ್ದರೆ ಇರಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಸಾಂದ್ರ ಮಾಡಿದ ಸಾರ ಕ್ಯಾಪ್ಸೂಲ್‌ಗೆ ಬಂದ ಕ್ಷಣ ಅದನ್ನು ಮದ್ದು ಎಂದೇ ನೋಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಲಿವರ್ ತೊಂದರೆ ಇರುವವರು, ಗರ್ಭಿಣಿಯರು, ಆಪರೇಷನ್‌ಗೆ ದಿನ ಗೊತ್ತಾದವರು ಡಾಕ್ಟರಿಗೆ ಹೇಳದೆ ಇವನ್ನು ಮುಟ್ಟಬಾರದು. ಡಾಕ್ಟರು ‘ಬೇರೆ ಏನಾದರೂ ತಗೊಳ್ತೀರಾ’ ಅಂದಾಗ ಹೆಚ್ಚಿನವರು ಇವನ್ನು ಹೇಳುವುದೇ ಇಲ್ಲ. ಅದು ಮದ್ದಲ್ಲವಲ್ಲ, ಗಿಡದ್ದಲ್ವಾ ಎಂದು.

ಗಿಡದ್ದು ಹೌದೇ ಎಂಬುದೂ ಕೆಲವೊಮ್ಮೆ ಅನುಮಾನವೇ. 2022ರಲ್ಲಿ ಎಫ್‌ಡಿಎ ಕೀಲುನೋವಿಗೆಂದು ಮಾರುತ್ತಿದ್ದ ಕೆಲವು ‘ನೈಸರ್ಗಿಕ’ ಮಾತ್ರೆಗಳನ್ನು ಲ್ಯಾಬ್‌ಗೆ ಹಾಕಿತು. ಒಳಗೆ ಡೈಕ್ಲೊಫೆನಾಕ್ ಎಂಬ ನೋವಿನ ಮದ್ದು ಇತ್ತು, ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇತ್ತು. ಲೇಬಲ್ ಮೇಲೆ ಎರಡರ ಹೆಸರೂ ಇರಲಿಲ್ಲ. ತೆಗೆದುಕೊಂಡವರಿಗೆ ನೋವು ಇಳಿದೇ ಇರುತ್ತದೆ, ಅನುಮಾನವಿಲ್ಲ. ಗಿಡದ ಸಾರ ಹಿಡಿದರೆ ವಾರಗಟ್ಟಲೆ ಬೇಕು, ಅದೂ ನೂರರಲ್ಲಿ ಒಂಬತ್ತು ಅಂಕ. ಎರಡೇ ದಿನದಲ್ಲಿ ಮಂಡಿ ಹಗುರಾಯಿತು ಅಂದರೆ ಬಾಟಲಿಯನ್ನು ತಿರುಗಿಸಿ ನೋಡುವ ಸಮಯ ಬಂದಿದೆ ಎಂದೇ ಅರ್ಥ. ಹಾಗಂತ ಅಂಥ ಮಾತ್ರೆಯನ್ನು ಗೊತ್ತಾದ ದಿನವೇ ಬಿಸಾಕುವಂತೆಯೂ ಇಲ್ಲ. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದಾಗ ದೇಹ ತನ್ನದನ್ನು ಮಾಡುವುದು ನಿಲ್ಲಿಸಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಬಾಟಲಿ ಹಿಡಿದುಕೊಂಡು ಮೊದಲು ಡಾಕ್ಟರ ಹತ್ತಿರ ಹೋಗಬೇಕು.